ತಿಂಡಿ ಬಿಟ್ರೆ ನೂರು ವರ್ಷ ಗ್ಯಾರಂಟಿನಾ?

ತಡವಾಗಿ ಎದ್ದು ಮೆಸ್ ತಿಂಡಿ ತಪ್ಪಿಸ್ಕೊಳ್ಳೋದಕ್ಕೆ ನಮ್ಮ ಹಾಸ್ಟೆಲ್‌ನಲ್ಲೀಗ 'ಇಂಟರ್ಮಿಟೆಂಟ್ ಫಾಸ್ಟಿಂಗ್' ಅಂತ ಹೆಸರು. ಆಯಸ್ಸು ಹೆಚ್ಚುತ್ತಂತೆ! 1935ರಲ್ಲಿ ಕಾರ್ನೆಲ್‌ನ ಮೆಕೇ ಆಹಾರ ಕಡಿಮೆ ಮಾಡಿ ಇಲಿಗಳ ಆಯಸ್ಸು ಹೆಚ್ಚಿಸಿದ್ದು ನಿಜ. ಆದರೆ ಅಮೆರಿಕದಲ್ಲಿ ಕೋತಿಗಳ ಮೇಲೆ ದಶಕಗಳ ಕಾಲ ನಡೆದ ಎರಡು ಪ್ರಯೋಗಗಳನ್ನು ನೋಡಿ. ವಿಸ್ಕಾನ್ಸಿನ್‌ನಲ್ಲಿ ಕಡಿಮೆ ತಿಂದವು ಹೆಚ್ಚು ಕಾಲ ಬದುಕಿದವು. ಅಲ್ಲಿನ ರಾಷ್ಟ್ರೀಯ ವೃದ್ಧಾಪ್ಯ ಸಂಸ್ಥೆಯ 2012ರ ವರದಿಯಲ್ಲಿ ಆಯಸ್ಸಿನ ವ್ಯತ್ಯಾಸವೇ ಇಲ್ಲ. ವಿಜ್ಞಾನಿಗಳು ತೋರಿಸೋ ಒಂದು ಕಾರಣ ಸಕ್ಕರೆ: ಮೊದಲನೆಯದರ ಆಹಾರದಲ್ಲಿ ಸುಮಾರು ಶೇ. 28, ಎರಡನೆಯದರಲ್ಲಿ ಬರೀ ಶೇ. 4. ಅಂದ್ರೆ, ಕೆಟ್ಟ ಊಟವನ್ನ ಕಡಿಮೆ ಮಾಡಿದ್ದಕ್ಕೇ ಅಷ್ಟು ಲಾಭ ಕಂಡಿರಬಹುದು. ತಿಂಡಿ ಬಿಟ್ಟು ಹನ್ನೊಂದಕ್ಕೆ ಕ್ಯಾಂಟೀನ್‌ನಲ್ಲಿ ಪಫ್ಸು, ಕೋಲಾ ಹೊಡೆಯೋ ನಾವು ಇದರಲ್ಲಿ ಯಾವ ಕೋತಿಗಳು? ನಾಳೆಯಿಂದ ನಾನಂತೂ ಮೆಸ್ ಇಡ್ಲಿಗೆ ವಾಪಸ್.