ಹಳೆಯ ಆಟಿಕೆ, ಹೊಸ ವಾದ್ಯ

ಅಂಗೈಯಲ್ಲಿ ಹಿಡಿಯಬಹುದಾದ ಒಂದು ಬೂದುಬಣ್ಣದ ಪೆಟ್ಟಿಗೆ. ಅದರ ಮುಖದ ಮೇಲೆ ಹಸುರು ಛಾಯೆಯ ಪುಟ್ಟ ತೆರೆ. ತೆರೆಯ ಕೆಳಗೆ ಕೆಲವು ಗುಂಡಿಗಳು. ಬೆನ್ನಿನಲ್ಲಿ ನಾಲ್ಕು ಬ್ಯಾಟರಿ ಸೆಲ್ಲುಗಳಿಗೆ ಸ್ಥಳ. ಜಪಾನಿನ ನಿಂಟೆಂಡೊ ಸಂಸ್ಥೆಯವರು 1989ರಲ್ಲಿ ಹೊರತಂದ ‘ಗೇಮ್ ಬಾಯ್’ ಎಂಬ ಆಟದ ಯಂತ್ರವಿದು. ಇದೂ ಇದರ ಮುಂದಿನ ಮಾದರಿಯಾದ ‘ಗೇಮ್ ಬಾಯ್ ಕಲರ್’ ಎಂಬುದೂ ಸೇರಿ ಲೋಕದಲ್ಲೆಲ್ಲ ಸುಮಾರು 11 ಕೋಟಿ 87 ಲಕ್ಷ ಮಾರಾಟವಾದುವು. 2003ರಲ್ಲಿ ಇವುಗಳ ತಯಾರಿಕೆ ನಿಂತಿತು. ಅಂದಿನ ಮಕ್ಕಳು ದೊಡ್ಡವರಾದರು. ಯಂತ್ರಗಳು ಅಟ್ಟವನ್ನು ಸೇರಿದುವು.

ಅಟ್ಟ ಸೇರಿದ ಈ ಯಂತ್ರಗಳನ್ನು ಕೆಳಗಿಳಿಸಿ, ಧೂಳು ಕೊಡವಿ, ಬಿಚ್ಚಿ, ಕೆಟ್ಟುದನ್ನು ಸರಿಪಡಿಸಿ, ಅವುಗಳಿಂದ ಸಂಗೀತವನ್ನು ಹೊರಡಿಸುವ ಜನ ಜಪಾನ್, ಯೂರೋಪು, ಅಮೆರಿಕಗಳಲ್ಲಿದ್ದಾರೆ. ಜರ್ಮನಿಯ ಆಲಿವರ್ ವಿಟ್ಕೋ ಎಂಬವರು 1998ರಲ್ಲಿ ‘ನ್ಯಾನೋಲೂಪ್’ ಎಂಬ ಕ್ರಮವಿಧಿಯನ್ನೂ, ಸ್ವೀಡನ್ನಿನ ಯೋಹಾನ್ ಕೊಟ್ಲಿನ್‌ಸ್ಕಿ ಎಂಬವರು 2000ದಲ್ಲಿ ‘ಲಿಟಲ್ ಸೌಂಡ್ ಡಿಜೆ’ ಎಂಬುದನ್ನೂ ರಚಿಸಿದ ಮೇಲೆ ಈ ಆಟಿಕೆ ನಿಜವಾಗಿಯೂ ಒಂದು ವಾದ್ಯವಾಯಿತು. ಆಟದ ಕಾರ್ಟ್ರಿಜ್ಜಿನ ಜಾಗದಲ್ಲಿ ಇಂಥ ಕ್ರಮವಿಧಿಯುಳ್ಳ ಕಾರ್ಟ್ರಿಜ್ಜನ್ನು ಸಿಕ್ಕಿಸಿದರಾಯಿತು. ಗುಂಡಿಗಳನ್ನೊತ್ತಿ ಸ್ವರಗಳನ್ನು ಸಾಲುಸಾಲಾಗಿ ಬರೆದು ನುಡಿಸಬಹುದು. ಹೀಗೆ ಹುಟ್ಟಿದ ಸಂಗೀತಕ್ಕೆ ‘ಚಿಪ್‌ಟ್ಯೂನ್’ ಎಂದು ಹೆಸರು.

ಈ ಮಾತನ್ನು ಕೇಳಿ ಕೆಲವರು ನಗಬಹುದು. ‘ಇಂದಿನ ಮೊಬೈಲ್ ಫೋನು ನೂರು ವಾದ್ಯಗಳ ದನಿಯನ್ನು ಕೊಡುತ್ತದೆ. ಮೂವತ್ತು ವರ್ಷಗಳಿಗೂ ಹಳೆಯದಾದ ಆಟಿಕೆಯಿಂದ ಕೀರಲು ದನಿ ತೆಗೆಯುವುದು ವ್ಯರ್ಥ ಕಾಲಹರಣವಲ್ಲವೆ?’ ಎಂಬ ಪ್ರಶ್ನೆ ಸಹಜವಾದುದು. ನನ್ನ ಅಭಿಪ್ರಾಯ ಬೇರೆ. ಭೌತಶಾಸ್ತ್ರವನ್ನು ಕಲಿಯುವ ತರುಣನಿಗೆ ಈ ಹಳೆಯ ಪೆಟ್ಟಿಗೆ ಕಲಿಸಬಲ್ಲ ಪಾಠವನ್ನು ಹೊಸ ಫೋನು ಕಲಿಸಲಾರದು. ಫೋನಿನ ಒಳಗನ್ನು ಪೂರ್ತಿಯಾಗಿ ಬಲ್ಲ ಮನುಷ್ಯ ಒಬ್ಬನೂ ಇರಲಾರ. ಈ ಪೆಟ್ಟಿಗೆಯ ಒಳಗನ್ನಾದರೋ ಆಸಕ್ತಿಯುಳ್ಳ ಒಬ್ಬ ವಿದ್ಯಾರ್ಥಿ ಕೆಲವು ತಿಂಗಳುಗಳಲ್ಲಿ ಅಂಚಿನಿಂದ ಅಂಚಿನವರೆಗೆ ಅರಿತುಕೊಳ್ಳಬಹುದು.

ಅದರ ದನಿಯ ವಿಚಾರವನ್ನೇ ನೋಡೋಣ. ಅದಕ್ಕೆ ಇರುವುದು ನಾಲ್ಕೇ ಕಂಠಗಳು. ಮೊದಲೆರಡು ಚೌಕ ತರಂಗಗಳನ್ನು ಹುಟ್ಟಿಸುತ್ತವೆ. ಎಂದರೆ, ವಿದ್ಯುತ್ತು ಒಮ್ಮೆ ಮೇಲೆ, ಒಮ್ಮೆ ಕೆಳಗೆ, ನಡುವೆ ಇಳಿಜಾರಿಲ್ಲ. ಒಂದು ಆವರ್ತದಲ್ಲಿ ವಿದ್ಯುತ್ತು ಎಷ್ಟು ಹೊತ್ತು ಮೇಲಿರಬೇಕು ಎಂಬುದನ್ನು ಶೇಕಡ 12.5, 25, 50, 75 ಎಂದು ನಾಲ್ಕು ಬಗೆಯಲ್ಲಿ ಆರಿಸಬಹುದು. ಶೇಕಡ 50 ಆದಾಗ ಮೂಲಸ್ವರದ 3, 5, 7 ಮುಂತಾದ ಬೆಸಸಂಖ್ಯೆಯ ಉಪಸ್ವರಗಳು ಮಾತ್ರ ಉಳಿಯುತ್ತವೆ, ಸಮಸಂಖ್ಯೆಯವು ಮಾಯವಾಗುತ್ತವೆ. ಒಂದು ತುದಿ ಮುಚ್ಚಿದ ಗಾಳಿಯ ಕೊಳವೆಯಲ್ಲಿಯೂ ಬೆಸಸಂಖ್ಯೆಯ ಉಪಸ್ವರಗಳೇ ಹುಟ್ಟುತ್ತವೆ ಎಂದು ನೀವು ಪ್ರಯೋಗಶಾಲೆಯಲ್ಲಿ ಕಲಿತಿದ್ದೀರಷ್ಟೆ? ಆ ಟೊಳ್ಳು ದನಿಯ ಬಂಧುವೇ ಇದು. ಶೇಕಡ 25ಕ್ಕೆ ಬದಲಿಸಿದರೆ 4, 8, 12ನೆಯವು ಮಾಯವಾಗಿ ದನಿ ತೆಳುವಾಗುತ್ತದೆ. ಶೇಕಡ 75 ಅದರ ತಲೆಕೆಳಗಾದ ರೂಪವಾದುದರಿಂದ ಕಿವಿಗೆ 25ರಂತೆಯೇ ಕೇಳಿಸುತ್ತದೆ. ಪುಸ್ತಕದಲ್ಲಿ ಫೂರಿಯೇ ಎಂಬ ಹೆಸರಿನ ಕೆಳಗೆ ಹೆದರಿಸುವ ಗಣಿತವನ್ನು ಇಲ್ಲಿ ಹೆಬ್ಬೆರಳಿನಿಂದ ಒತ್ತಿ ಕೇಳಬಹುದು.

ಮೂರನೆಯ ಕಂಠಕ್ಕೆ ತರಂಗದ ಆಕಾರವನ್ನು ನಾವೇ ಬರೆದು ಕೊಡಬೇಕು. ಆವರ್ತವೊಂದಕ್ಕೆ 32 ಬಿಂದುಗಳು, ಬಿಂದುವೊಂದಕ್ಕೆ 16 ಎತ್ತರಗಳು. ಗ್ರಾಫ್ ಕಾಗದದ ಮೇಲೆ ಚಿತ್ರ ಬರೆದಂತೆಯೇ. ನಾಲ್ಕನೆಯದು ಗದ್ದಲದ ಕಂಠ. ತಾಳವಾದ್ಯದ ಕೆಲಸ ಅದರದು. ಆ ಗದ್ದಲವೂ ನಿಜವಾದ ಗದ್ದಲವಲ್ಲ. 32,767 ಹೆಜ್ಜೆಗಳಾದ ಮೇಲೆ ಮತ್ತೆ ಮೊದಲಿನಿಂದ ತೊಡಗುವ ಕಟ್ಟುನಿಟ್ಟಾದ ಲೆಕ್ಕ. ಹೆಜ್ಜೆಗಳನ್ನು 127ಕ್ಕೆ ಇಳಿಸಿದರೆ ಕಿವಿ ಆ ಪುನರಾವೃತ್ತಿಯನ್ನು ಹಿಡಿದುಬಿಡುತ್ತದೆ. ಗದ್ದಲ ಲೋಹವನ್ನು ಬಡಿದಂತೆ ಕೇಳಿಸುತ್ತದೆ.

ಸ್ವರಗಳ ಶ್ರುತಿಯೂ ಇಷ್ಟೇ ಬಿಚ್ಚುಮನಸ್ಸಿನದು. ಯಂತ್ರದ ಹೃದಯದಲ್ಲಿರುವ ಸ್ಫಟಿಕವು ಸೆಕೆಂಡಿಗೆ 41,94,304 ಸಲ ಮಿಡಿಯುತ್ತದೆ; ಇದು 2ರ 22ನೆಯ ಘಾತ. ಚೌಕ ತರಂಗದ ಕಂಪನಸಂಖ್ಯೆ ಬೇಕಾದರೆ 1,31,072ನ್ನು ಒಂದು ಪೂರ್ಣಾಂಕದಿಂದ ಭಾಗಿಸಬೇಕು. 298ರಿಂದ ಭಾಗಿಸಿದರೆ 439.84 ಬರುತ್ತದೆ, ಪಾಶ್ಚಾತ್ಯರು ಶ್ರುತಿಗೆ ಆಧಾರವಾಗಿ ಇಟ್ಟುಕೊಂಡಿರುವ 440ಕ್ಕೆ ಬಹಳ ಹತ್ತಿರ. ಆದರೆ ಮೂರು ಸ್ಥಾಯಿ ಮೇಲಕ್ಕೆ ಹೋಗಿ 3,520 ಬೇಕೆಂದರೆ ತೊಡಕು. 37ರಿಂದ ಭಾಗಿಸಿದರೆ 3,542. 38ರಿಂದ ಭಾಗಿಸಿದರೆ 3,449. ನಡುವೆ ಏನೂ ಇಲ್ಲ. ಮಂದ್ರದಲ್ಲಿ ಸ್ವರಗಳು ಒತ್ತೊತ್ತಾಗಿ ದೊರೆಯುತ್ತವೆ, ತಾರದಲ್ಲಿ ದೂರದೂರವಾಗುತ್ತವೆ. ಗಮಕಕ್ಕೆ ಪಳಗಿದ ನಮ್ಮ ಕಿವಿಗೆ ಇದು ಮೆಟ್ಟಿಲು ಹತ್ತಿದಂತೆ ತೋರುವುದು ನಿಶ್ಚಯ. ಹಾಗೆ ಏಕಾಗುತ್ತದೆ ಎಂದು ಕೇಳಿದ ವಿದ್ಯಾರ್ಥಿಗೆ ಭಾಗಾಕಾರ ಬಲ್ಲವರು ಯಾರಾದರೂ ಉತ್ತರ ಹೇಳಬಹುದು. ಈ ಕಾಲದ ಎಷ್ಟು ಯಂತ್ರಗಳ ವಿಷಯದಲ್ಲಿ ಈ ಮಾತನ್ನು ಆಡಲು ಸಾಧ್ಯ?

ಇನ್ನು ದುರಸ್ತಿಯ ಮಾತು. ಈ ಯಂತ್ರಗಳ ಕಾಯಿಲೆಗಳಲ್ಲಿ ಪಾಠವಾಗದಿರುವುದು ಒಂದೂ ಇಲ್ಲ. ಹಳೆಯ ಸೆಲ್ಲುಗಳು ಸೋರಿ ಲೋಹದ ಪಟ್ಟಿಗಳ ಮೇಲೆ ಬಿಳಿಯ ಹಕ್ಕಳೆ ಕಟ್ಟಿರುತ್ತದೆ. ಸೋರಿದುದು ಕ್ಷಾರ; ಆದುದರಿಂದ ಆಮ್ಲವಾದ ವಿನೆಗರನ್ನು ಹತ್ತಿಯಲ್ಲಿ ಅದ್ದಿ ಒರಸಿದರೆ ಕರಗುತ್ತದೆ. ತೆರೆಯಲ್ಲಿ ಕೆಲವು ಲಂಬ ಗೆರೆಗಳು ಅಳಿಸಿಹೋಗಿರುತ್ತವೆ. ಗಾಜಿಗೂ ವಿದ್ಯುನ್ಮಾರ್ಗದ ಪಟ್ಟಿಗೂ ನಡುವೆ ಬಿಸಿಯಿಂದ ಅಂಟಿಸಿದ್ದ ಸಂಪರ್ಕ ಬಿಟ್ಟಿರುವುದೇ ಕಾರಣ. ಸಾಲ್ಡರಿಂಗ್ ಕಡ್ಡಿಯ ಹದವಾದ ಬಿಸಿಯನ್ನು ಆ ಅಂಚಿನ ಮೇಲೆ ಮೆಲ್ಲನೆ ಎಳೆದರೆ ಗೆರೆಗಳು ಒಂದೊಂದಾಗಿ ಮರಳುವುದುಂಟು. ಬಿಸಿ ಹೆಚ್ಚಾದರೆ ಪಟ್ಟಿಯೇ ಸುಟ್ಟುಹೋಗುತ್ತದೆ.

ದುರಸ್ತಿಯಿಂದ ಮಾರ್ಪಾಡಿಗೆ ಒಂದೇ ಹೆಜ್ಜೆ. ಕಿವಿಗೆ ಹಾಕುವ ಹೆಡ್‌ಫೋನಿಗಾಗಿ ಮಾಡಿದ ವರ್ಧಕವು ದನಿಯೊಡನೆ ಗುಂಯ್‌ಗುಟ್ಟುವ ಸದ್ದನ್ನೂ ಬೆರೆಸುತ್ತದೆ. ಆದ್ದರಿಂದ ಸಂಗೀತಗಾರರು ದನಿ ತಗ್ಗಿಸುವ ತಿರುಗುಗುಂಡಿಗಿಂತ ಮೊದಲೇ ತಂತಿಗಳನ್ನು ಬೆಸೆದು, ಶುದ್ಧವಾದ ಸಂಕೇತವನ್ನು ನೇರವಾಗಿ ಹೊರಕ್ಕೆ ತರುತ್ತಾರೆ. ಕತ್ತಲೆಯ ವೇದಿಕೆಯಲ್ಲಿ ತೆರೆ ಕಾಣಿಸದು. ಏಕೆಂದರೆ ಅದು ಹೊರಗಿನ ಬೆಳಕನ್ನು ಪ್ರತಿಫಲಿಸಿಯೇ ಕಾಣಬೇಕಾದುದು. ತೆರೆಯ ಹಿಂಬದಿಯ ಪ್ರತಿಫಲಕ ಹಾಳೆಯನ್ನು ಸುಲಿದು, ಹೊಸ ಧ್ರುವೀಕಾರಕ ಪೊರೆಯನ್ನೂ ಒಂದು ದೀಪದ ಫಲಕವನ್ನೂ ಇಡುತ್ತಾರೆ. ಆ ಪೊರೆಯನ್ನು 90 ಅಂಶ ತಿರುಗಿಸಿದರೆ ಕಪ್ಪು ಬಿಳುಪಾಗಿ, ಬಿಳುಪು ಕಪ್ಪಾಗಿ ಬದಲಾಗುತ್ತದೆ. ಬೆಳಕಿನ ಧ್ರುವೀಕರಣವನ್ನು ನಾನು ಕಪ್ಪು ಹಲಗೆಯ ಮೇಲೆ ಬಾಣದ ಗುರುತುಗಳಿಂದ ಎಷ್ಟೋ ಸಲ ವಿವರಿಸಿದ್ದೇನೆ. ತರಗತಿಯಲ್ಲಿ ಈ ತೆರೆಯನ್ನು ತಿರುವಿ ತೋರಿಸಿದ ದಿನ ಎದ್ದ ಪ್ರಶ್ನೆಗಳು ಆ ಬಾಣಗಳಿಂದ ಎಂದೂ ಎದ್ದುದಿಲ್ಲ.

ಆದರೆ ಬಿಚ್ಚುವುದಕ್ಕೂ ಒಂದು ಧರ್ಮವುಂಟು. ಅದನ್ನು ನಾನು ಕಲಿತುದು ತಪ್ಪು ಮಾಡಿ. ವಿದೇಶದಲ್ಲಿದ್ದ ಸೋದರಮಾವನಿಂದ ಇಂಥದೊಂದು ಯಂತ್ರವನ್ನು ಪಡೆದಿದ್ದ ನನ್ನ ವಿದ್ಯಾರ್ಥಿಯೊಬ್ಬ ನಾಲ್ಕು ತಿಂಗಳು ಕುಳಿತು ಹಲವು ರಚನೆಗಳನ್ನು ಮಾಡಿದ್ದ. ಕಾರ್ಟ್ರಿಜ್ಜಿನೊಳಗಿನ ಗುಂಡಿ ಬ್ಯಾಟರಿ ದುರ್ಬಲವಾಗಿದೆಯೆಂದು ನನ್ನ ಬಳಿಗೆ ತಂದ. ಕೈಯಲ್ಲಿ ಸಾಲ್ಡರಿಂಗ್ ಕಡ್ಡಿ ಇದ್ದ ಉತ್ಸಾಹದಲ್ಲಿ ನಾನು ಹಳೆಯದನ್ನು ಬಿಡಿಸಿ ಹೊಸದನ್ನು ಬೆಸೆದೆ. ಆ ಕಾರ್ಟ್ರಿಜ್ಜಿನಲ್ಲಿ ರಚನೆಗಳನ್ನು ನೆನಪಿಟ್ಟಿದ್ದ ಚಿಪ್ಪು ಆ ಬ್ಯಾಟರಿಯ ಕಿರುಹರಿವಿನಿಂದಲೇ ಬದುಕಿತ್ತು. ಬ್ಯಾಟರಿ ಬಿಡಿಸಿದ ಕ್ಷಣದಲ್ಲಿ ನಾಲ್ಕು ತಿಂಗಳ ಶ್ರಮ ಅಳಿಸಿಹೋಯಿತು. ಮೊದಲೇ ಅದನ್ನು ಕಂಪ್ಯೂಟರಿಗೆ ಪ್ರತಿಮಾಡಿಕೊಳ್ಳಬಹುದಾಗಿತ್ತು. ಹುಡುಗ ಒಂದು ಕ್ಷಣ ಸುಮ್ಮನಿದ್ದು, ‘ಪರವಾಗಿಲ್ಲ ಸಾರ್, ಒಂದೆರಡು ನೆನಪಿವೆ’ ಎಂದ. ಆ ಮಾತು ನನಗೆ ಬೈಗುಳಕ್ಕಿಂತ ಹೆಚ್ಚು ನಾಟಿತು. ಯಂತ್ರವನ್ನು ಬಲ್ಲೆನೆಂದುಕೊಂಡಿದ್ದ ನಾನು ಅದರ ನೆನಪು ಎಲ್ಲಿದೆಯೆಂದು ಕೇಳಿರಲಿಲ್ಲ.

ಹಳೆಯ ವಸ್ತುಗಳನ್ನು ಸಂರಕ್ಷಿಸುವವರ ಆಕ್ಷೇಪಣೆಯನ್ನು ಇದರಿಂದಾಗಿಯೇ ನಾನು ಹಗುರವಾಗಿ ತಳ್ಳಿಹಾಕಲಾರೆ. ‘ತಯಾರಿಕೆ ನಿಂತ ಯಂತ್ರಗಳು ಇನ್ನು ಕಡಿಮೆಯಾಗುತ್ತವೆಯೇ ಹೊರತು ಹೆಚ್ಚಾಗುವುದಿಲ್ಲ. ಅವಕ್ಕೆ ತೂತು ಕೊರೆದು ತಂತಿ ಸೇರಿಸುವುದು ಹಳೆಯ ಶಾಸನದ ಮೇಲೆ ಹೆಸರು ಕೆತ್ತಿದಂತೆ’ ಎನ್ನುತ್ತಾರೆ ಅವರು. ಮಾತಿನಲ್ಲಿ ಸತ್ಯವುಂಟು. ಆದರೆ ಕೋಟಿಗಟ್ಟಲೆ ತಯಾರಾದ ವಸ್ತುವಿಗೂ ಒಂದೇ ಒಂದು ಉಳಿದಿರುವ ವಸ್ತುವಿಗೂ ವ್ಯತ್ಯಾಸವಿದೆ. ಅಲ್ಲದೆ, ಗಾಜಿನ ಕಪಾಟಿನಲ್ಲಿಟ್ಟ ಯಂತ್ರವೂ ಒಳಗೊಳಗೇ ಸಾಯುತ್ತಿರುತ್ತದೆ. ಅದರ ಸೆಲ್ಲು ಸೋರುತ್ತದೆ, ವಿದ್ಯುತ್ ಸಂಚಯಕಗಳು ಒಣಗುತ್ತವೆ. ಅದನ್ನು ಉಳಿಸುವ ವಿದ್ಯೆ ಬೆಳೆದಿರುವುದು ಬಿಚ್ಚಿದವರ ಕೈಗಳಲ್ಲಿ. ಕೆಟ್ಟುಹೋದುದನ್ನು ಮೊದಲು ಆರಿಸಬೇಕು. ಮರಳಿ ಮೊದಲಿನಂತೆ ಮಾಡಬಹುದಾದ ಮಾರ್ಪಾಡನ್ನೇ ಮಾಡಬೇಕು. ತೆಗೆದ ಭಾಗಗಳನ್ನು ಎಸೆಯಬಾರದು. ಮಾಡಿದುದನ್ನು ಒಂದು ಚೀಟಿಯಲ್ಲಿ ಬರೆದು ಒಳಗಿಡಬೇಕು. ನಾಳೆ ಅದನ್ನು ಬಿಚ್ಚುವವರು ನಮ್ಮನ್ನು ಶಪಿಸದಂತಿದ್ದರೆ ಸಾಕು.

ತಯಾರಕರ ಕಡೆಯ ಅಡ್ಡಿ ಇನ್ನೊಂದು ಬಗೆಯದು. ಈ ಪೆಟ್ಟಿಗೆಯ ಬೆನ್ನಿನ ತಿರುಪುಗಳ ತಲೆಯಲ್ಲಿ ಮೂರು ಕವಲಿನ ಗುರುತಿದೆ. ಮನೆಯ ತಿರುಪುಳಿ ಅದಕ್ಕೆ ಒಗ್ಗದು. ‘ಕೊಂಡವನು ಒಳಗೆ ನೋಡಬೇಕಾಗಿಲ್ಲ’ ಎಂಬುದೇ ಅದರ ಅರ್ಥ. ಈಚೆಗೆ ಈ ಭಾವನೆ ಕಾನೂನಿನಲ್ಲಿಯೂ ಕಾಣಿಸಿಕೊಂಡಿದೆ. ಅಮೆರಿಕದ ಕ್ಯಾಲಿಫೋರ್ನಿಯಾ ಮತ್ತು ಮಿನ್ನೆಸೋಟಾ ಸಂಸ್ಥಾನಗಳು 2023ರಲ್ಲಿ ದುರಸ್ತಿಯ ಹಕ್ಕಿನ ಶಾಸನಗಳನ್ನು ಮಾಡಿದುವು. 2024ರ ಜುಲೈ 1ರಿಂದ ಅವು ಜಾರಿಗೆ ಬಂದುವು. ಬಿಡಿಭಾಗಗಳನ್ನೂ ದುರಸ್ತಿಯ ವಿವರಗಳನ್ನೂ ಜನರಿಗೆ ಒದಗಿಸಬೇಕೆಂದು ತಯಾರಕರಿಗೆ ವಿಧಿಸುವ ಈ ಎರಡು ಶಾಸನಗಳೂ ವೀಡಿಯೋ ಆಟದ ಯಂತ್ರಗಳನ್ನು ಹೊರಗಿಟ್ಟಿವೆ. ಆಟಗಳ ಕಳ್ಳಪ್ರತಿ ಹೆಚ್ಚುತ್ತದೆಂಬುದು ತಯಾರಕರ ಭಯ. ಕಳ್ಳಪ್ರತಿ ಅಪರಾಧವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಕಳ್ಳನ ಭಯದಿಂದ ಮನೆಯ ಯಜಮಾನನಿಗೇ ಬೀಗದ ಕೈ ಕೊಡದಿರುವುದು ಯಾವ ನ್ಯಾಯ? ನಮ್ಮ ದೇಶದಲ್ಲಿಯೂ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರಲ್ಲಿ ದುರಸ್ತಿಯ ಹಕ್ಕಿನ ಬಗೆಗೆ ಸಮಿತಿಯೊಂದನ್ನು ನೇಮಿಸಿತು. ಈ ಹಕ್ಕನ್ನು ಹಣ ಉಳಿಸುವ ಉಪಾಯವೆಂದಷ್ಟೇ ಎಣಿಸಬಾರದು. ಇದು ತಿಳಿವಳಿಕೆಯ ಹಕ್ಕೂ ಹೌದು ಎಂಬುದು ನನ್ನ ಮತ.

ಈ ಯಂತ್ರದ ನಿರ್ಮಾಪಕರಲ್ಲಿ ಪ್ರಮುಖರಾದ ಗುನ್‌ಪೆ ಯೊಕೊಯ್ ಅವರು, ಹಳೆಯದಾಗಿ ಅಗ್ಗವಾದ ತಂತ್ರವನ್ನು ಹೊಸ ದೃಷ್ಟಿಯಿಂದ ಬಳಸಬೇಕೆಂಬ ನಂಬಿಕೆಯವರಾಗಿದ್ದರು. ಅವರು 1997ರಲ್ಲಿ ತೀರಿಕೊಂಡರು. ತಮ್ಮ ಆಟಿಕೆ ವಾದ್ಯವಾಗಿ ಲೋಕವನ್ನು ಸುತ್ತಿದುದನ್ನು ಅವರು ಕಾಣಲಿಲ್ಲ. ಆದರೂ ಅವರ ನಂಬಿಕೆಯನ್ನು ಅವರ ಯಂತ್ರದ ಮೇಲೆಯೇ ಪ್ರಯೋಗಿಸಿದವರು ಈ ಸಂಗೀತಗಾರರು ಎನ್ನಬಹುದು.

ನಿಮ್ಮಲ್ಲಿ ಬಹುಮಂದಿಗೆ ಗೇಮ್ ಬಾಯ್ ದೊರೆಯಲಿಕ್ಕಿಲ್ಲ, ದೊರೆಯಲೇಬೇಕೆಂದೂ ಇಲ್ಲ. ಮನೆಯಲ್ಲಿ ಮೂಲೆಗೆ ಬಿದ್ದ ಟ್ರಾನ್ಸಿಸ್ಟರ್ ರೇಡಿಯೋ ಇದ್ದೀತು, ಹಾಡುವ ಆಟಿಕೆಯೊಂದು ಇದ್ದೀತು. ಹಿರಿಯರ ಒಪ್ಪಿಗೆ ಪಡೆದು, ಬ್ಯಾಟರಿ ತೆಗೆದು, ಗೋಡೆಯ ವಿದ್ಯುತ್ತಿಗೆ ಸೇರುವ ಯಾವುದನ್ನೂ ಮುಟ್ಟದೆ, ಒಂದು ಸಂಜೆ ಅದನ್ನು ಬಿಚ್ಚಿ ನೋಡಿರಿ. ತಿರುಪುಗಳನ್ನು ಒಂದು ಬಟ್ಟಲಿನಲ್ಲಿ ಹಾಕಿಡಿ, ಕಂಡುದನ್ನು ಚಿತ್ರ ಬರೆದುಕೊಳ್ಳಿ. ನನ್ನ ವಿದ್ಯಾರ್ಥಿ ಈಗ ಹೊಸದಾಗಿ ರಚನೆಗಳನ್ನು ಬರೆಯುತ್ತಿದ್ದಾನೆ. ಪ್ರತಿ ಶನಿವಾರ ಅವುಗಳ ಪ್ರತಿ ತೆಗೆದಿಡುವ ಕೆಲಸ ನನ್ನದು.