ಆ ಒಣಮರ ಕಡಿಯೋಕೆ ಮುಂಚೆ

ಹಾಸ್ಟೆಲ್ ಹಿಂದೆ, ಹಳೇ ಬೋರ್‌ವೆಲ್ ಇರೋ ಮೂಲೇಲಿ, ಕಾಂಪೌಂಡ್ ಗೋಡೆಗೆ ಹತ್ತಿಕೊಂಡ ಹಾಗೆ ಒಂದು ಒಣಗಿದ ಗುಲ್‌ಮೊಹರ್ ಮರ ಇದೆ. ನಿಮ್ಮಲ್ಲಿ ಹೆಚ್ಚಿನವರು ಅದನ್ನ ಗಮನಿಸಿರಲ್ಲ. ಗಮನಿಸಿದ್ರೂ ಅದಕ್ಕೆ ಕಟ್ಟಿರೋ ಬಟ್ಟೆ ಹಗ್ಗ ನೋಡಿ ಕಂಬ ಅಂದ್ಕೊಂಡಿರ್ತೀರ. ಕಳೆದ ವಾರ ಅದರ ತೊಗಟೆ ಒಂದಷ್ಟು ಕೆತ್ತಿ ಕೆಂಪು ಪೇಂಟಲ್ಲಿ ನಂಬರ್ ಬರೆದಿದ್ದಾರೆ. ಅಂದ್ರೆ ಕಡಿಯೋ ಪಟ್ಟಿಗೆ ಸೇರಿದೆ ಅಂತ. ಈಗಲೇ ಕಡಿಯಬೇಡಿ, ಕಡಿದ್ರೂ ಪೂರ್ತಿ ಕಡಿಯಬೇಡಿ ಅಂತ ಕೇಳೋಕೆ ಈ ಲೇಖನ. ಕಾರಣ ಒಂದು ಹಕ್ಕಿ. ಸರಿಯಾಗಿ ಹೇಳಬೇಕಂದ್ರೆ ಎರಡು ಹಕ್ಕಿ.

ಮೊದಲೇ ಒಂದು ಮಾತು ಹೇಳ್ಬಿಡ್ತೀನಿ. ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಇಷ್ಟುದ್ದ ಬರೀತಿರೋದು ಹತ್ತನೇ ಕ್ಲಾಸಿನ ಪ್ರಬಂಧ ಆದ್ಮೇಲೆ ಇದೇ ಮೊದಲು. ಕಾಗುಣಿತ ಸರಿಯಿದ್ರೆ ಅದು ನಮ್ಮ ಎಡಿಟರ್ ಅಕ್ಕನ ಕೃಪೆ.

ಫೆಬ್ರವರಿಯಲ್ಲಿ ಬೆಳಗ್ಗೆ ಏಳು ಗಂಟೆಗೆ ಟಕ್ ಟಕ್ ಟಕ್ ಅಂತ ಶಬ್ದ ಶುರುವಾಯ್ತು. ಎಂಟು ಗಂಟೆ ಲ್ಯಾಬ್ ಇದ್ದ ದಿನವೂ ಏಳಕ್ಕೆ ಏಳದವನು ನಾನು. ಯಾರೋ ಬಡಗಿ ಕೆಲಸ ಮಾಡ್ತಿದ್ದಾನೆ ಅಂದ್ಕೊಂಡು ಬಯ್ಯೋಣ ಅಂತಲೇ ಹಿಂದಿನ ಬಾಲ್ಕನಿಗೆ ಹೋದೆ. ಬಡಗಿಯೇನೋ ಇದ್ದ, ಮರಕ್ಕೆ ಅಂಟಿಕೊಂಡು ನೇರ ನಿಂತಿದ್ದ, ಬೆನ್ನು ಪೂರ್ತಿ ಚಿನ್ನದ ಬಣ್ಣ.

ಮರಕುಟಿಗ. ನಮ್ಮಜ್ಜಿ ಮರಕುಟುಕ ಅಂತಾರೆ. ನಮ್ಮ ಕಡೆ ತೋಟ, ಊರು, ಸಿಟಿಯ ಪಾರ್ಕು ಎಲ್ಲ ಕಡೆ ಕಾಣೋ ಈ ಜಾತಿಗೆ ಪುಸ್ತಕದ ಇಂಗ್ಲಿಷ್ ಹೆಸರು ಬ್ಲ್ಯಾಕ್-ರಂಪ್ಡ್ ಫ್ಲೇಮ್‌ಬ್ಯಾಕ್. ವೈಜ್ಞಾನಿಕ ಹೆಸರು ಡೈನೋಪಿಯಂ ಬೆಂಗಾಲೆನ್ಸ್. ಲಿನೇಯಸ್ 1758ರಲ್ಲೇ ಇದನ್ನ ವಿವರಿಸಿ ಹೆಸರಿಟ್ಟಿದ್ದ. ಅಂದ್ರೆ ಇದು ಅಪರೂಪದ ಹಕ್ಕಿ ಏನಲ್ಲ, ಕಾಡಿಗೆ ಹೋಗಿ ಕಾಯಬೇಕಾಗಿಲ್ಲ. ನಾವು ತಲೆ ಎತ್ತಲ್ಲ, ಅಷ್ಟೇ.

ಸುಮಾರು 26ರಿಂದ 29 ಸೆಂಟಿಮೀಟರ್ ಉದ್ದ ಇರುತ್ತೆ, ನಿಮ್ಮ ಹತ್ರ ಇರೋ ದೊಡ್ಡ ಸ್ಕೇಲಿಗಿಂತ ಸ್ವಲ್ಪ ಕಮ್ಮಿ. ಬೆನ್ನಿನ ಮೇಲ್ಭಾಗ, ರೆಕ್ಕೆಯ ಮೇಲ್ಭಾಗ ಹೊಳೆಯೋ ಹಳದಿ. ಬಾಲದ ಬುಡದ ಹತ್ತಿರ ಕಪ್ಪು. ದೊಡ್ಡ ಜಾತಿಯ ಇನ್ನೊಂದು ಚಿನ್ನದ ಬೆನ್ನಿನ ಮರಕುಟಿಗಕ್ಕೆ ಆ ಜಾಗ ಕೆಂಪಿರುತ್ತೆ, ಹಾಗಾಗಿ ಹಾರಿ ಹೋಗುವಾಗ ಹಿಂದಿನಿಂದ ನೋಡಿದ್ರೂ ಯಾವುದು ಅಂತ ಗೊತ್ತಾಗುತ್ತೆ. ಗಂಟಲು ಕಪ್ಪು, ಅದರ ಮೇಲೆ ಸಣ್ಣ ಬಿಳಿ ಚುಕ್ಕೆ. ಎದೆ ಬಿಳಿ, ಅದರ ಮೇಲೆ ಬಾಣದ ತುದಿಯಂಥ ಕಪ್ಪು ಗುರುತುಗಳು. ತಲೆ ಮೇಲೆ ಕೆಂಪು ಜುಟ್ಟು. ಗಂಡಿಗೆ ಹಣೆಯಿಂದ ಜುಟ್ಟಿನವರೆಗೂ ಕೆಂಪು, ಹೆಣ್ಣಿಗೆ ಹಣೆ ಕಡೆ ಕಪ್ಪಿನ ಮೇಲೆ ಬಿಳಿ ಚುಕ್ಕೆ, ಹಿಂದೆ ಮಾತ್ರ ಕೆಂಪು. ಇದು ಗೊತ್ತಾದ ದಿನವೇ ನಂಗೆ ಅರ್ಥ ಆಗಿದ್ದು, ನಾನು ಒಂದೇ ಹಕ್ಕಿ ಅಂದ್ಕೊಂಡಿದ್ದು ಎರಡು, ಪಾಳಿ ಮೇಲೆ ಕೆಲಸ ಮಾಡ್ತಿವೆ ಅಂತ.

ಇಷ್ಟು ಬಣ್ಣ ಇದ್ರೂ ಕಾಣಿಸೋದು ಕಷ್ಟ. ನೀವು ನೋಡ್ತಿದ್ದೀರ ಅಂತ ಗೊತ್ತಾದ ಕೂಡಲೇ ಕಾಂಡದ ಆ ಕಡೆಗೆ ಸುತ್ತಿಕೊಂಡು ಹೋಗುತ್ತೆ. ನೀವು ಆ ಕಡೆ ಹೋದ್ರೆ ಅದು ಈ ಕಡೆ. ಮನೆ ಮಾಲೀಕ ಬಂದಾಗ ಬಾಡಿಗೆ ಬಾಕಿ ಇರೋ ಹುಡುಗರು ಮಾಡೋ ಹಾಗೆ.

ನನಗೆ ತುಂಬಾ ಇಷ್ಟ ಆಗಿದ್ದು ಬಾಲ. ಬಣ್ಣದಲ್ಲಿ ಏನೂ ವಿಶೇಷ ಇಲ್ಲ, ಬರೀ ಕಪ್ಪು. ಆದ್ರೆ ಮರಕುಟಿಗಗಳ ಬಾಲದ ಪುಕ್ಕಗಳ ನಡುದಂಡು ಗಟ್ಟಿ, ತುದಿ ಚೂಪು. ಹಕ್ಕಿ ಅದನ್ನ ಮರಕ್ಕೆ ಒತ್ತಿ ಊರುಗೋಲು ಮಾಡ್ಕೊಳ್ಳುತ್ತೆ. ಮುಂದೆ ಎರಡು ಬೆರಳು, ಹಿಂದೆ ಎರಡು ಬೆರಳಿರೋ ಎರಡು ಕಾಲು, ಕೆಳಗೆ ಬಾಲ, ಒಟ್ಟು ಮೂರು ಕಡೆ ಆಧಾರ. ಸರ್ವೆ ಲ್ಯಾಬಲ್ಲಿ ಟ್ರೈಪಾಡ್ ನಿಲ್ಲಿಸೋಕೆ ಒದ್ದಾಡಿದ ಸಿವಿಲ್‌ನವರಿಗೆ ಇದರ ಬೆಲೆ ಗೊತ್ತು. ಹಾಗಾದ್ರೆ ಹಳೇ ಪುಕ್ಕ ಉದುರಿ ಹೊಸದು ಬರುವಾಗ ಏನ್ ಮಾಡುತ್ತೆ? ಬಹಳಷ್ಟು ಮರಕುಟಿಗಗಳಲ್ಲಿ ನಡುವಿನ ಜೋಡಿ ಪುಕ್ಕ, ಅಂದ್ರೆ ಹೆಚ್ಚು ಭಾರ ಹೊರೋ ಜೋಡಿ, ಕೊನೆಗೆ ಉದುರುತ್ತೆ. ಅಕ್ಕಪಕ್ಕದ ಹೊಸ ಪುಕ್ಕಗಳು ಬಂದು ಭಾರ ಹೊರೋ ಹಾಗಾದ ಮೇಲೆ ಇವು ರಜೆ ತಗೊಳ್ಳೋದು. ಹಳೇ ಸರ್ವರ್ ಆಫ್ ಮಾಡೋಕೆ ಮುಂಚೆ ಹೊಸದು ಆನ್ ಇರಬೇಕು ಅನ್ನೋದು ನಮಗೆ ಎಷ್ಟು ಸಲ ಹೇಳಿದ್ರೂ ತಲೆಗೆ ಹೋಗಲ್ಲ.

ಇಲ್ಲಿ ಒಂದು ತಪ್ಪೊಪ್ಪಿಗೆ ಇದೆ. ಫಸ್ಟ್ ಸೆಮ್‌ನಲ್ಲಿ ನಾನು ಮರಕುಟಿಗದ ಬಗ್ಗೆಯೇ ಪಿಪಿಟಿ ಕೊಟ್ಟಿದ್ದೆ. ‘ಪ್ರಕೃತಿಯಿಂದ ಪ್ರೇರಿತ ಹೆಲ್ಮೆಟ್ ಡಿಸೈನ್.’ ಮರಕುಟಿಗದ ತಲೆಬುರುಡೆ ಶಾಕ್ ಅಬ್ಸಾರ್ಬರ್, ನಾಲಿಗೆಯ ಮೂಳೆ ತಲೆ ಸುತ್ತ ಸೀಟ್‌ಬೆಲ್ಟ್, ಹಾಗಾಗಿ ಮೆದುಳಿಗೆ ಏನೂ ಆಗಲ್ಲ, ಇದನ್ನ ನೋಡಿ ಹೆಲ್ಮೆಟ್ ಮಾಡೋಣ. ಎಂಟು ಸ್ಲೈಡ್, ಒಳ್ಳೇ ಮಾರ್ಕ್ಸ್. ಆಗ ನಾನು ಒಂದೇ ಒಂದು ಮರಕುಟಿಗವನ್ನೂ ಕಣ್ಣಾರೆ ನೋಡಿರಲಿಲ್ಲ.

ಈ ಕಥೆಗೆ ವಯಸ್ಸಾಗಿದೆ. 1976ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಮರಕುಟಿಗ ಮತ್ತು ತಲೆ ಪೆಟ್ಟಿನ ಬಗ್ಗೆ ಲೇಖನ ಬಂತು. ಮರಕುಟಿಗಕ್ಕೆ ಯಾಕೆ ತಲೆನೋವು ಬರಲ್ಲ ಅನ್ನೋ ವಿಷಯಕ್ಕೆ 2006ರಲ್ಲಿ ಇಗ್ ನೊಬೆಲ್ ಕೂಡ ಸಿಕ್ಕಿದೆ. ಆದ್ರೆ 2022ರಲ್ಲಿ ಸ್ಯಾಮ್ ವಾನ್ ವಾಸೆನ್‌ಬರ್ಗ್ ಮತ್ತು ಸಂಗಡಿಗರು ಮೂರು ಜಾತಿಯ ಮರಕುಟಿಗಗಳನ್ನ ಹೈಸ್ಪೀಡ್ ಕ್ಯಾಮೆರಾದಲ್ಲಿ ಸೆರೆಹಿಡಿದು ಫ್ರೇಮ್ ಫ್ರೇಮ್ ಅಳೆದು, ಕರೆಂಟ್ ಬಯಾಲಜಿ ಅನ್ನೋ ಪತ್ರಿಕೆಯಲ್ಲಿ ಪ್ರಕಟಿಸಿದರು. ಕೊಕ್ಕು ಎಷ್ಟು ಥಟ್ಟನೆ ನಿಲ್ಲುತ್ತೋ ತಲೆಯೂ ಅಷ್ಟೇ ಥಟ್ಟನೆ ನಿಲ್ಲುತ್ತೆ. ನಡುವೆ ಯಾವ ಕುಶನ್ನೂ ಇಲ್ಲ. ತಲೆ ಒಂದು ಗಟ್ಟಿ ಸುತ್ತಿಗೆ.

ಯೋಚನೆ ಮಾಡಿದ್ರೆ ಇದು ಪಿಯುಸಿ ಫಿಸಿಕ್ಸ್. ಸುತ್ತಿಗೆಗೆ ಸ್ಪಂಜು ಕಟ್ಟಿ ಯಾರಾದ್ರೂ ಮೊಳೆ ಹೊಡೀತಾರಾ? ಪೆಟ್ಟಿನ ಶಕ್ತಿಯನ್ನ ತಲೆಯೇ ನುಂಗಿದ್ರೆ ಮರ ಒಡೆಯೋಕೆ ಇನ್ನೂ ಜೋರಾಗಿ ಹೊಡೀಬೇಕು, ಕುಶನ್ ಇದ್ದೂ ಪ್ರಯೋಜನ ಇಲ್ಲ. ಮತ್ತೆ ಮೆದುಳು ಹೇಗೆ ಉಳಿಯುತ್ತೆ? ಚಿಕ್ಕದಾಗಿರೋದ್ರಿಂದ. ಒತ್ತಡ ಅಂದ್ರೆ ಬಲ ಭಾಗಿಸು ವಿಸ್ತೀರ್ಣ. ಉದ್ದ ಹತ್ತು ಪಟ್ಟು ಕಮ್ಮಿ ಆದ್ರೆ ದ್ರವ್ಯರಾಶಿ ಸಾವಿರ ಪಟ್ಟು ಕಮ್ಮಿ, ವಿಸ್ತೀರ್ಣ ನೂರು ಪಟ್ಟು ಮಾತ್ರ ಕಮ್ಮಿ. ಅದೇ ರಭಸದಲ್ಲಿ ನಿಂತ್ರೂ ಮೆದುಳಿನ ಮೇಲಿನ ಒತ್ತಡ ಹತ್ತನೇ ಒಂದು ಭಾಗ. ನಮ್ಮ ತಲೆಗೆ ಆ ರಿಯಾಯಿತಿ ಇಲ್ಲ. ಇನ್ನು ನಾಲಿಗೆಯ ಮೂಳೆ ತಲೆಬುರುಡೆಯ ಹಿಂದಿನಿಂದ ಸುತ್ತಿ ಬರೋದು ನಿಜ, ಆದ್ರೆ ಅದು ನಾಲಿಗೆಯನ್ನ ದೂರಕ್ಕೆ ಚಾಚಿ ಬಿಲದೊಳಗಿನ ಹುಳ ಎಳೆಯೋಕೆ.

ಪಿಪಿಟಿಯನ್ನ ಡ್ರೈವ್‌ನಿಂದ ಡಿಲೀಟ್ ಮಾಡಿದೀನಿ. ಜೂನಿಯರ್ಸ್ ಯಾರೋ ಆಗಲೇ ಕಾಪಿ ಮಾಡ್ಕೊಂಡಿದ್ದಾರೆ ಅಂತ ಕೇಳಿದೆ. ದಯವಿಟ್ಟು ಕೊಡಬೇಡಿ.

ನಾನು ಕಲಿತ ಇನ್ನೊಂದು ವಿಷಯ ಹೇಳಿಕೊಟ್ಟಿದ್ದು ನಮ್ಮ ಗಾರ್ಡನ್ ನೋಡ್ಕೊಳ್ಳೋ ಅಣ್ಣ. ಒಂದಿನ ನಾನು ಮೊಬೈಲ್ ಹಿಡ್ಕೊಂಡು ಮೇಲೆ ನೋಡ್ತಿದ್ದಾಗ ಪಕ್ಕ ಬಂದು ನಿಂತ್ರು. “ಏನ್ ಮರಿ, ಫೋಟೋನಾ? ಅದು ಸುಮ್ನೆ ಬಡಿಯಲ್ಲ ನೋಡು. ಮೇಸ್ತ್ರಿ ಟೈಲ್ಸ್ ತಟ್ಟಿ ಒಳಗೆ ಪೊಳ್ಳಿದ್ಯಾ ಅಂತ ನೋಡಲ್ವಾ, ಹಂಗೆ. ಪೊಳ್ಳಿದ್ ಕಡೆ ಹುಳ ಇರುತ್ತೆ.” ನಾವು ನಾಲ್ಕನೇ ಸೆಮ್‌ನಲ್ಲಿ ದೊಡ್ಡ ಹೆಸರಿಟ್ಟು ಓದೋ ನಾನ್-ಡಿಸ್ಟ್ರಕ್ಟಿವ್ ಟೆಸ್ಟಿಂಗ್ ಇಷ್ಟೇ. ಜೀರುಂಡೆ ಮರಿಗಳು, ಇರುವೆ, ಗೆದ್ದಲು ಅದರ ಊಟ. ಒಮ್ಮೊಮ್ಮೆ ಹೂವಿನ ಮಕರಂದವೂ ಆಗುತ್ತೆ.

ಈಗ ಮರದ ವಿಷಯಕ್ಕೆ ಬರೋಣ. ‘ಕ್ಯಾಂಪಸ್ ತುಂಬಾ ಹಸಿರು ಮರ ಇದೆ, ಅಲ್ಲಿಗೆ ಹೋಗಲಿ’ ಅಂತ ನನ್ನ ರೂಮ್‌ಮೇಟೇ ಅಂದ. ಹೋಗೋದು ಅಷ್ಟು ಸುಲಭ ಅಲ್ಲ. ಗೂಡಿಗೆ ಅಡ್ಡಡ್ಡ ಒಂದು ಬಾಗಿಲು ಕೊರೆದು, ಅಲ್ಲಿಂದ ಕೆಳಕ್ಕೆ ಒಂದು ಕೋಣೆ ತೋಡಬೇಕು. ಗಟ್ಟಿ ಹಸಿ ಮರದಲ್ಲಿ ಅದು ಬಲು ಕಷ್ಟ. ಶಿಲೀಂಧ್ರ ಹಿಡಿದು ಮೆತ್ತಗಾದ ಒಣ ಕಾಂಡ, ಒಣ ಕೊಂಬೆ ಬೇಕು. ನಾವು ‘ಸತ್ತಿದೆ’ ಅನ್ನೋ ಮರ ಅದಕ್ಕೆ ಖಾಲಿ ಸೈಟು. ಅದೂ ಅಲ್ಲದೆ, ಈ ಜೋಡಿ ಬಿಟ್ಟುಹೋದ ಗೂಡಿಗೆ ಆಮೇಲೆ ಬಾಡಿಗೆದಾರರು ಬರ್ತಾರೆ. ಗೊರವಂಕ, ಗಿಳಿ, ಚಿಕ್ಕ ಗೂಬೆ ಇವಕ್ಕೆಲ್ಲ ತಾವೇ ಮರ ಕೊರೆಯೋ ತಾಕತ್ತಿಲ್ಲ. ನಮ್ಮ ರಾಜ್ಯಪಕ್ಷಿ ನೀಲಕಂಠ ಕೂಡ ಇಂಥ ರೆಡಿಮೇಡ್ ಪೊಟರೆ ಹುಡುಕೋದೇ. ನವೆಂಬರ್‌ನಲ್ಲಿ ನಮ್ಮ ಕ್ಲಬ್ ಪೋಸ್ಟರ್ ಮೇಲೆ ನೀಲಕಂಠದ ಚಿತ್ರ ಹಾಕಿದ್ವಲ್ಲ, ಅದಕ್ಕೆ ಮನೆ ಕಟ್ಟಿಕೊಡೋರಲ್ಲಿ ಈ ಬಡಗಿಯೂ ಒಬ್ಬ.

‘ಒಂದು ಮರ ಹೋದ್ರೆ ಹತ್ತು ಸಸಿ ನೆಡ್ತೀವಿ’ ಅನ್ನೋ ಉತ್ತರ ಈಗಾಗಲೇ ಬಂದಿದೆ. ನೆಡಲಿ, ಒಳ್ಳೇದೇ. ಆದ್ರೆ ಲೆಕ್ಕ ಹಾಕಿ. ಸಸಿ ಮರ ಆಗಬೇಕು, ಕಾಂಡ ದಪ್ಪ ಆಗಬೇಕು, ಆಮೇಲೆ ಅದಕ್ಕೆ ವಯಸ್ಸಾಗಿ ಒಣಗಬೇಕು. ಅಷ್ಟೊತ್ತಿಗೆ ನಮ್ಮ ಬ್ಯಾಚು ರಿಟೈರ್ ಆಗಿರುತ್ತೆ. ಜೂನ್ 5ರ ಫೋಟೋದಲ್ಲಿ ಸಸಿ ಚೆನ್ನಾಗಿ ಬರುತ್ತೆ, ಒಣಮರ ಬರಲ್ಲ. ಕಾನೂನಿಗೂ ಒಣಮರದ ಮೇಲೆ ಅಂಥ ಪ್ರೀತಿ ಇಲ್ಲ. 1976ರ ನಮ್ಮ ರಾಜ್ಯದ ಮರ ಸಂರಕ್ಷಣಾ ಕಾಯ್ದೆಯಲ್ಲಿ ಮರ ಸತ್ತಿರೋದೇ ಕಡಿಯೋ ಅನುಮತಿಗೆ ಒಂದು ಕಾರಣ. ಆದ್ರೆ 1972ರ ವನ್ಯಜೀವಿ ಕಾಯ್ದೆ ಕಾಡು ಹಕ್ಕಿಗಳ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡೋದನ್ನೂ ‘ಬೇಟೆ’ ಅನ್ನೋ ಪದದೊಳಗೇ ಸೇರಿಸಿದೆ. ಪಟ್ಟಿ ಮಾಡಿದವರು ಕಾಂಡ ನೋಡಿದ್ದಾರೆ, ಮೇಲಿರೋ ತೂತು ನೋಡಿಲ್ಲ.

ಭಯ ಇರೋದು ಸುಳ್ಳಲ್ಲ. ಹೋದ ಮಳೆಗಾಲದಲ್ಲಿ ಪಾರ್ಕಿಂಗ್ ಹತ್ರ ಒಂದು ಕೊಂಬೆ ಮುರಿದು ಸೀನಿಯರ್ ಒಬ್ಬರ ಸ್ಕೂಟರ್ ಮೇಲೆ ಬಿತ್ತು. ಅವರು ಎರಡು ನಿಮಿಷ ಮುಂಚೆ ಇಳಿದಿದ್ರು. ದಾರಿ ಮೇಲೆ, ಕರೆಂಟ್ ತಂತಿ ಮೇಲೆ ಬಾಗಿರೋ ಒಣಮರ ಕಡಿಯಲೇಬೇಕು, ಅಲ್ಲಿ ಹಕ್ಕಿ ಇದ್ರೂ ನಾನು ವಾದ ಮಾಡಲ್ಲ. ಪಟ್ಟಿಯಲ್ಲಿರೋ ಇನ್ನೆರಡು ಮರ ಹಾಗೇ ಇವೆ, ಅವು ಹೋಗಲಿ. ಆದ್ರೆ ಬೋರ್‌ವೆಲ್ ಮೂಲೆಗೆ ಯಾರೂ ಹೋಗಲ್ಲ. ಬಟ್ಟೆ ಒಣಗಿಸೋರು ಬಿಟ್ರೆ, ಆ ಹಗ್ಗ ನಾವೇ ಬಿಚ್ಚಿ ಬೇರೆ ಕಡೆ ಕಟ್ಟಬಹುದು.

ನಾವು ಕೇಳ್ತಿರೋದು ಎರಡೇ. ಒಂದು, ಈಗ ತಡೀರಿ. ಗೂಡಿನ ಕೆಳಗೆ ಹೊಸ ಮರದ ಚೂರು ಬೀಳೋದು ನಿಂತಿದೆ, ಒಂದು ಒಳಗೆ ಹೋದ್ರೆ ಇನ್ನೊಂದು ಹೊರಗೆ ಬರ್ತಿದೆ. ಮೊಟ್ಟೆ ಇಟ್ಟಿರಬೇಕು. ಮೊಟ್ಟೆ ಒಡೆಯೋಕೆ ಸುಮಾರು 11 ದಿನ, ಮರಿ ಹಾರಿಹೋಗೋಕೆ ಮತ್ತೆ ಸುಮಾರು 20 ದಿನ. ಎರಡು ಇಂಟರ್ನಲ್ಸ್ ನಡುವಿನ ಗ್ಯಾಪ್ ಅಷ್ಟೇ. ಎರಡು, ಆಮೇಲೂ ಬುಡಸಮೇತ ಕಡಿಯಬೇಡಿ. ಅಪಾಯದ ಕೊಂಬೆಗಳನ್ನ ತೆಗೆದು ಹದಿನೈದು ಅಡಿ ಕಾಂಡ ನಿಲ್ಲಿಸಿ, ಸುತ್ತ ಒಂದು ಬೇಲಿ ಹಾಕಿ. ಗೂಡು ಇರೋದು ಹನ್ನೆರಡು ಅಡಿ ಎತ್ತರದಲ್ಲಿ, ಸಿವಿಲ್‌ನ ಗೆಳೆಯ ಥಿಯೋಡೊಲೈಟ್ ತಂದು ಅಳೆದಿದ್ದಾನೆ.

ಪತ್ರ ಕನ್ನಡದಲ್ಲೇ ಬರೆದಿದೀವಿ. ಕ್ಲಬ್ ರೂಮಿನ ಮೇಜಿನ ಮೇಲಿದೆ, ಇವತ್ತಿಗೆ ನಲವತ್ತೊಂದು ಸಹಿ ಆಗಿದೆ, ಅದರಲ್ಲಿ ಗಾರ್ಡನ್ ಅಣ್ಣನದ್ದೂ ಒಂದು. ಶುಕ್ರವಾರ ಮಧ್ಯಾಹ್ನ ಊಟ ಆದ್ಮೇಲೆ ಆಫೀಸಿಗೆ ಕೊಡ್ತೀವಿ. ಸಹಿ ಮಾಡೋಕೆ ಮುಂಚೆ ಹಕ್ಕಿ ನೋಡಬೇಕು ಅನ್ನೋರು ಬೆಳಗ್ಗೆ ಏಳಕ್ಕೆ ಹಿಂದಿನ ಬಾಲ್ಕನಿಗೆ ಬನ್ನಿ. ಮಾತಾಡಬೇಡಿ, ಬೆರಳು ತೋರಿಸಬೇಡಿ, ಆ ಕಡೆಗೆ ಸುತ್ತಿಕೊಂಡು ಹೋಗ್ಬಿಡುತ್ತೆ.