ಸತ್ತವರಿಗೆ ಬೇರೊಂದು ಲೋಕ

ಜಪಾನಿನ ಜನಪ್ರಿಯ ಕಾದಂಬರಿಗಳಲ್ಲಿ ನಾಯಕನಾದವನು ಮೊದಲ ಅಧ್ಯಾಯದಲ್ಲಿಯೇ ಲಾರಿಗೆ ಸಿಕ್ಕಿ ಸಾಯುವುದು ಒಂದು ವಾಡಿಕೆಯೇ ಆಗಿಬಿಟ್ಟಿದೆ. ಸತ್ತವನು ಮಂತ್ರವಾದಿಗಳಿಂದಲೂ ವಿಚಿತ್ರ ಮೃಗಗಳಿಂದಲೂ ತುಂಬಿದ ಲೋಕಾಂತರದಲ್ಲಿ ಮತ್ತೆ ಹುಟ್ಟುತ್ತಾನೆ. ಪೂರ್ವಜನ್ಮದ ನೆನಪು ಮಾತ್ರ ಅಳಿಯುವುದಿಲ್ಲ. ಈ ಜಾತಿಯ ಕಥೆಗಳಿಗೆ ಅಲ್ಲಿ 'ಇಸೆಕಾಯ್', ಎಂದರೆ 'ಬೇರೊಂದು ಲೋಕ', ಎಂದು ಹೆಸರು. 2004ರಲ್ಲಿ ಪ್ರಾರಂಭವಾದ, ಯಾರು ಬೇಕಾದರೂ ಬರೆದು ಪ್ರಕಟಿಸಬಹುದಾದ 'ಶೋಸೆತ್ಸುಕಾ ನಿ ನಾರೋ' ಎಂಬ ಅಂತರ್ಜಾಲ ತಾಣದಲ್ಲಿ ಇವು ಹುಲುಸಾಗಿ ಬೆಳೆದವು. ಕತ್ತರಿ ಹಿಡಿದ ಸಂಪಾದಕನಿಲ್ಲದ್ದರಿಂದ ಕಂತುಗಳು ಬೆಳೆದದ್ದೂ ಹಾಗೆಯೇ.

ಜನ್ನನ 'ಯಶೋಧರ ಚರಿತೆ'ಯಲ್ಲಿ ಒಂದು ಹಿಟ್ಟಿನ ಕೋಳಿಯ ಬಲಿಗಾಗಿ ತಾಯಿಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ತೊಳಲುತ್ತಾರೆ. ಇಲ್ಲಿಯಾದರೋ ಮರುಹುಟ್ಟು ಬಹುಮಟ್ಟಿಗೆ ಬಹುಮಾನ. ದುಡಿಯದೆ ದೊರೆತ ಶಕ್ತಿಯಿಂದ ನಾಯಕನು ಎಲ್ಲರನ್ನೂ ಗೆಲ್ಲುತ್ತಾನೆ. ಗೆಲ್ಲುವುದು ಖಚಿತವಾದ ಮೇಲೆ ಓದುಗನಿಗೆ ಆತಂಕವೆಲ್ಲಿಯದು?

2012ರಿಂದ 2015ರವರೆಗೆ ಕಂತುಗಳಾಗಿ ಬಂದ 'ಮುಶೋಕು ತೆನ್ಸೇಯ್' ಇಷ್ಟು ಅಗ್ಗದ್ದಲ್ಲ. ತಂದೆತಾಯಿಯರ ಅಂತ್ಯಕ್ರಿಯೆಗೂ ಹೋಗದೆ ಕೋಣೆಯಲ್ಲಿಯೇ ಕುಳಿತಿದ್ದ 34 ವರ್ಷದ ನಿರುದ್ಯೋಗಿಯೊಬ್ಬನು ಅದರ ನಾಯಕ. ಮರುಜನ್ಮದಲ್ಲಿಯೂ ಅವನಿಗೆ ಮನೆಯಂಗಳ ದಾಟಲು ಭಯ. ಗುರುವಾದ ರಾಕ್ಸಿ ಅವನನ್ನು ಕುದುರೆಯ ಮೇಲೆ ಕೂರಿಸಿಕೊಂಡು ಹೊರಗೆ ಕರೆದೊಯ್ಯುವ ಪ್ರಸಂಗ ಯಾವ ಗಂಭೀರ ಕಾದಂಬರಿಗೂ ಒಪ್ಪುವಂಥದು. ಆದರೆ ಮಗುವಿನ ಮೈಯೊಳಗೆ ಅಡಗಿರುವ ಈ ನಡುವಯಸ್ಕನ ಕಾಮುಕತೆಯನ್ನು ಗ್ರಂಥಕರ್ತರು ಹಾಸ್ಯವೆಂದು ಬಡಿಸುತ್ತಾರೆ. ಅದು ಹಾಸ್ಯವಲ್ಲ. ಮಕ್ಕಳ ಕೈಗೆ ಕೊಡುವ ಮುನ್ನ ಹಿರಿಯರು ಒಮ್ಮೆ ತಿರುವಿ ನೋಡುವುದು ಲೇಸು.

ನಿಶ್ಚಿಂತೆಯಿಂದ ಓದಬಹುದಾದದ್ದು ಮಿಯಾ ಕಜುಕಿ ಅವರ 'ಹೊಂಜುಕಿ ನೊ ಗೆಕೊಕುಜೋ'. ಗ್ರಂಥಪಾಲಿಕೆಯಾಗಲಿದ್ದ ತರುಣಿ ಭೂಕಂಪದಲ್ಲಿ ಪುಸ್ತಕಗಳ ರಾಶಿಯಡಿ ಸಿಲುಕಿ ಸತ್ತು, ಬಡ ಸಿಪಾಯಿಯ ಮಗಳಾದ ಮೈನ್ ಎಂಬ ಐದು ವರ್ಷದ ರೋಗಿಷ್ಠ ಬಾಲಕಿಯ ಮೈಯಲ್ಲಿ ಕಣ್ತೆರೆಯುತ್ತಾಳೆ. ಆ ಲೋಕದಲ್ಲಿ ಪುಸ್ತಕಗಳು ಸಿರಿವಂತರ ಸೊತ್ತು. ಸರಿ, ತಾನೇ ಮಾಡಿಕೊಳ್ಳೋಣವೆಂದರೆ ಮಾಡುವ ಬಗೆ ತಿಳಿದಿದ್ದರೂ ಕೈಯಲ್ಲಿ ಬಲವಿಲ್ಲ, ಕಾಸಿಲ್ಲ. ಹುಲ್ಲಿನ ನಾರು ಹೆಣೆಯಹೋದರೆ ಬೆರಳಗಲವೂ ಸಾಗದು. ಮಣ್ಣಿನ ಹಲಗೆಗಳು ಒಲೆಯಲ್ಲಿ ಸಿಡಿಯುತ್ತವೆ. ಮರದ ಪಟ್ಟಿಗಳನ್ನು ತಾಯಿ ಸೌದೆಯೆಂದು ಉರಿಗೆ ಹಾಕಿಬಿಡುತ್ತಾಳೆ! ಒಂದು ಹಾಳೆ ಕಾಗದಕ್ಕಾಗಿ ಇಷ್ಟು ಪರಿತಪಿಸುವ ಕಥೆಯನ್ನು ಓದಿದವರು ಮನೆಯ ರದ್ದಿಯನ್ನೂ ಬೇರೆ ಕಣ್ಣಿನಿಂದ ನೋಡಿಯಾರು.

ಈ ಜಾತಿಯ ಬಹಳಷ್ಟು ಕಾದಂಬರಿಗಳು ಕೇಳದ ಪ್ರಶ್ನೆಯೊಂದನ್ನು ಕಜುಕಿ ಕೇಳುತ್ತಾರೆ: ಆ ಮೈಯಲ್ಲಿದ್ದ ಮಗು ಎಲ್ಲಿ ಹೋಯಿತು? ಜೊತೆಗಾರ ಲುಟ್ಜ್‌ಗೆ ಅನುಮಾನ ಬಂದು, ನಿಜವಾದ ಮೈನಳನ್ನು ಹಿಂದಕ್ಕೆ ಕೊಡೆಂದು ಹಟ ಹಿಡಿಯುತ್ತಾನೆ. ಅವಳು ಜ್ವರದಲ್ಲಿ ಹೋಗಿಬಿಟ್ಟಿದ್ದಾಳೆಂದು ಇವಳು ಮುಚ್ಚಿಡದೆ ಹೇಳುತ್ತಾಳೆ. ಬೇಡವೆಂದರೆ ತಾನೂ ಇಲ್ಲವಾಗಬಲ್ಲೆನೆನ್ನುತ್ತಾಳೆ. ಹುಡುಗ ಲೆಕ್ಕ ಹಾಕಿ ನೋಡುತ್ತಾನೆ. ತನ್ನ ನೆನಪಿನಲ್ಲಿರುವ ಮೈನ್ ಬಹುಪಾಲು ಇವಳೇ.